ಉದ್ದಗೂದಲಿನ ಬೆಕ್ಕು: ಮನೆಯಲ್ಲಿ ಕೂದಲಿನ ಆರೈಕೆ

ಪರ್ಷಿಯನ್, ಹಿಮಾಲಯನ್, ಅಂಗೋರಾ, ಮೇನ್ ಕೂನ್, ನಾರ್ವೆಯ ಕಾಡುಬೆಕ್ಕು, ಸೈಬೀರಿಯನ್, ರ‍್ಯಾಗ್‌ಡಾಲ್, ಬರ್ಮನ್ ಮೊದಲಾದ ತಳಿಗಳೂ ಇವುಗಳ ರಕ್ತ ಬೆರೆತ ಮಿಶ್ರತಳಿಗಳೂ ಉದ್ದಗೂದಲಿನ ಬೆಕ್ಕುಗಳೆನಿಸುತ್ತವೆ. ಇವುಗಳ ಕೂದಲು ಬಾಚುವುದು, ಸಿಕ್ಕು ಬಿಡಿಸುವುದು, ಕಣ್ಣು ಕಿವಿ ಉಗುರುಗಳನ್ನು ನೋಡಿಕೊಳ್ಳುವುದು, ಬೇಕೆನಿಸಿದಾಗ ಮೀಯಿಸುವುದು ಎಲ್ಲ ಸೇರಿ ಆರೈಕೆ. ಪೇಟೆಯಲ್ಲಿ ಇದಕ್ಕೆ ಗ್ರೂಮಿಂಗ್ ಎಂಬ ಮಾತೇ ರೂಢಿ. ಗಿಡ್ಡಗೂದಲಿನ ನಾಡಬೆಕ್ಕಿಗೆ ಈ ಉಪಚಾರ ಹೆಚ್ಚುಕಡಿಮೆ ಬೇಕಿಲ್ಲ. ಅದರ ನಾಲಗೆಯೇ ಎಲ್ಲವನ್ನೂ ನಿಭಾಯಿಸುತ್ತದೆ. ಉದ್ದಗೂದಲಿನ ಬೆಕ್ಕಿನ ನಾಲಗೆಗೆ ಆ ಕೆಲಸ ಪೂರ್ತಿ ಮುಗಿಸಲಾಗುವುದಿಲ್ಲ. ಹಾಗಾಗಿ ಮನೆಯವರ ಕೈಯಲ್ಲೊಂದು ಬಾಚಣಿಗೆ ಇರಲೇಬೇಕು.

ಕರ್ನಾಟಕದ ನಗರಗಳಲ್ಲಿ ಈ ಗುಂಪಿನಲ್ಲಿ ಹೆಚ್ಚಾಗಿ ಕಾಣುವುದು ಪರ್ಷಿಯನ್. ವ್ಯಾಪಾರಿಗಳು ಅದರ ಮುಖದ ಚಪ್ಪಟೆತನ ನೋಡಿ ‘ಡಾಲ್ ಫೇಸ್’, ‘ಸೆಮಿ ಪಂಚ್’, ‘ಪಂಚ್ ಫೇಸ್’ ಎಂದು ವಿಂಗಡಿಸಿ ಬೆಲೆ ಕಟ್ಟುತ್ತಾರೆ. ಮೂಗು ಒಳಕ್ಕೆ ಹೋದಷ್ಟೂ ಬೆಲೆ ಏರುತ್ತದೆ, ಅದರೊಂದಿಗೆ ಸಾಕುವವರ ಕೆಲಸವೂ ಏರುತ್ತದೆ. ಎರಡನೆಯ ಸಂಗತಿಯನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ.

ಉದ್ದಗೂದಲು ಬಂದ ಬಗೆ

ಪ್ರತಿಯೊಂದು ಕೂದಲೂ ಕೆಲಕಾಲ ಬೆಳೆದು, ಬೆಳವಣಿಗೆ ನಿಲ್ಲಿಸಿ, ಸುಮ್ಮನಿದ್ದು, ಕೊನೆಗೆ ಉದುರುತ್ತದೆ. ಬೆಳವಣಿಗೆ ನಿಲ್ಲಲಿ ಎಂಬ ಸೂಚನೆ ಕೊಡುವುದು ಎಫ್‌ಜಿಎಫ್‌5 ಎಂಬ ಜೀನಿನಿಂದ ತಯಾರಾಗುವ ಪ್ರೋಟೀನು. ಆ ಜೀನು ಕೆಟ್ಟಿದ್ದರೆ ಸೂಚನೆ ಸರಿಯಾಗಿ ತಲುಪದೆ ಕೂದಲು ಇನ್ನಷ್ಟು ಕಾಲ ಬೆಳೆಯುತ್ತದೆ. 2007ರಲ್ಲಿ ಪ್ರಕಟವಾದ ಸಂಶೋಧನೆಗಳು ಬೆಕ್ಕಿನ ಈ ಜೀನಿನಲ್ಲಿ ನಾಲ್ಕು ಬಗೆಯ ಮಾರ್ಪಾಡುಗಳನ್ನು ಗುರುತಿಸಿದವು. ಒಂದು ಹಲವು ಉದ್ದಗೂದಲ ತಳಿಗಳಲ್ಲಿ ಹರಡಿಕೊಂಡಿದ್ದರೆ, ಉಳಿದವು ಮೇನ್ ಕೂನ್, ರ‍್ಯಾಗ್‌ಡಾಲ್, ನಾರ್ವೆಯ ಕಾಡುಬೆಕ್ಕಿನಂಥ ಕೆಲವೇ ತಳಿಗಳಿಗೆ ಸೇರಿದವು. ಗುಣ ಸುಪ್ತವಾದದ್ದು, ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಪ್ರಕಟವಾಗುತ್ತದೆ. ಗಿಡ್ಡಗೂದಲಿನ ಬೀದಿಬೆಕ್ಕು ಒಮ್ಮೊಮ್ಮೆ ಸೊಂಪುಗೂದಲಿನ ಮರಿಯೊಂದನ್ನು ಈದು ಅಚ್ಚರಿ ಹುಟ್ಟಿಸುವುದು ಇದರಿಂದಲೇ.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1620ರ ಸುಮಾರಿಗೆ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನ್ ಪ್ರಾಂತ್ಯದ ಬೂದುಬಣ್ಣದ, ನುಣುಪಾದ ಉದ್ದಗೂದಲಿನ ಬೆಕ್ಕುಗಳನ್ನು ವರ್ಣಿಸಿ, ಅವನ್ನು ರೋಮಿಗೆ ಒಯ್ಯುವ ಆಸೆ ತೋಡಿಕೊಂಡಿದ್ದಾನೆ. ಕರ್ನಾಟಕದ ಇತಿಹಾಸ ಓದಿದವರಿಗೆ ಈ ಹೆಸರು ಹೊಸದಲ್ಲ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಬರೆದವನು ಇವನೇ. ಇನ್ನು ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1815ರಲ್ಲಿ ಪ್ರಕಟಿಸಿದ ಕಾಬೂಲ್ ರಾಜ್ಯದ ವೃತ್ತಾಂತದಲ್ಲಿ, ಆ ಸೀಮೆಯಿಂದ ಉದ್ದಗೂದಲಿನ ಬೆಕ್ಕುಗಳು ಹೇರಳವಾಗಿ ಹೊರಗೆ ಹೋಗುತ್ತವೆಂದೂ ಎಲ್ಲೆಡೆ ಅವನ್ನು ಪರ್ಷಿಯನ್ ಎಂದೇ ಕರೆಯುತ್ತಾರೆಂದೂ ದಾಖಲಿಸಿದ್ದಾನೆ. 1871ರ ಜುಲೈನಲ್ಲಿ ಹ್ಯಾರಿಸನ್ ವಿಯರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಏರ್ಪಡಿಸಿದ ಬೆಕ್ಕಿನ ಪ್ರದರ್ಶನದ ನಂತರ ಇಂಗ್ಲೆಂಡಿನ, ಆಮೇಲೆ ಅಮೆರಿಕದ ಸಾಕಣೆದಾರರು ಕೂದಲನ್ನು ಇನ್ನಷ್ಟು ಉದ್ದ, ಇನ್ನಷ್ಟು ದಟ್ಟ ಮಾಡುತ್ತ ಬಂದರು. 2008ರ ಒಂದು ಅನುವಂಶಿಕ ಅಧ್ಯಯನದ ಪ್ರಕಾರ ಇಂದಿನ ಪರ್ಷಿಯನ್ ಬೆಕ್ಕು ಪಶ್ಚಿಮ ಏಷ್ಯಾದ ಬೆಕ್ಕುಗಳಿಗಿಂತ ಪಶ್ಚಿಮ ಯುರೋಪಿನವಕ್ಕೇ ಹತ್ತಿರ. ಖೊರಾಸಾನಿನ ಚಳಿಯಲ್ಲಿ ತಾನೇ ಬೆಳೆದ ತುಪ್ಪಳ ಒಂದು, ಪ್ರದರ್ಶನದ ಮೇಜಿಗಾಗಿ ಜನ ಆರಿಸಿ ಬೆಳೆಸಿದ ತುಪ್ಪಳ ಇನ್ನೊಂದು. ಎರಡನೆಯದನ್ನು ಬೆಕ್ಕು ತಾನೊಂದೇ ನೋಡಿಕೊಳ್ಳಲಾರದು.

ನಾಲಗೆಯ ಮಿತಿ

ಬೆಕ್ಕಿನ ನಾಲಗೆಯ ಮೇಲೆ ಗಂಟಲ ಕಡೆಗೆ ಬಾಗಿದ, ಉಗುರಿನ ದ್ರವ್ಯದಿಂದಲೇ ಆದ ಗಡುಸು ಮುಳ್ಳುಗಳಿವೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮುಳ್ಳುಗಳ ತುದಿ ಟೊಳ್ಳಾಗಿರುವುದನ್ನು ತೋರಿಸಿತು. ಆ ಟೊಳ್ಳು ಎಂಜಲನ್ನು ಹೀರಿಕೊಂಡು ತುಪ್ಪಳದ ಬುಡದವರೆಗೆ ಒಯ್ಯುತ್ತದೆ. ಸಿಂಹ, ಹುಲಿ, ನಾಡಬೆಕ್ಕುಗಳಲ್ಲೆಲ್ಲ ಒತ್ತಿದ ತುಪ್ಪಳದ ದಪ್ಪಕ್ಕಿಂತ ಮುಳ್ಳು ಉದ್ದವಾಗಿದ್ದು ಅದು ಚರ್ಮ ಮುಟ್ಟುತ್ತದೆ. ಪರ್ಷಿಯನ್‌ನಲ್ಲಿ ಮಾತ್ರ ಮುಳ್ಳು ಚರ್ಮ ತಲುಪುವುದಿಲ್ಲ. ಸಂಶೋಧಕರು ಅದೇ ಮುಳ್ಳಿನ ಮಾದರಿಯಲ್ಲಿ ಒಂದು ಬ್ರಷ್ಷನ್ನೂ ಮಾಡಿ ನೋಡಿದರು.

ತುಪ್ಪಳದಲ್ಲಿ ಮೇಲೆ ಕಾಣುವ ಒರಟು ಉದ್ದ ಕೂದಲು, ನಡುವಿನ ಮಧ್ಯಮ ಕೂದಲು, ಬುಡದ ಹತ್ತಿಯಂಥ ಒಳಗೂದಲು ಎಂದು ಮೂರು ಬಗೆ. ತೊಂದರೆ ಕೊಡುವುದು ಈ ಒಳಗೂದಲು. ಉದುರಿದ ಮೇಲೂ ಅದು ನೆಲಕ್ಕೆ ಬೀಳದೆ ಉದ್ದ ಕೂದಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಮೈಯ ಜಿಡ್ಡು, ಎಂಜಲು, ಓಡಾಟದ ಉಜ್ಜಾಟ ಸೇರಿ, ಹಳೆಯ ದಿಂಬಿನ ಹತ್ತಿ ಗಂಟುಕಟ್ಟುವಂತೆ ಗಂಟಾಗುತ್ತದೆ. ಕಿವಿಯ ಹಿಂದೆ, ಕತ್ತುಪಟ್ಟಿಯ ಅಡಿ, ಕಂಕುಳು, ಹೊಟ್ಟೆ, ತೊಡೆಸಂದು, ಬಾಲದ ಬುಡಗಳಲ್ಲಿ ಉಜ್ಜಾಟ ಹೆಚ್ಚು. ಸಿಕ್ಕು ಮೊದಲು ಶುರುವಾಗುವುದೂ ಅಲ್ಲೇ. ಅಂಗೋರಾ, ಬರ್ಮನ್, ರ‍್ಯಾಗ್‌ಡಾಲ್‌ಗಳಲ್ಲಿ ಒಳಗೂದಲು ಕಡಿಮೆ. ಅವುಗಳ ರೇಷ್ಮೆಗೂದಲು ಪರ್ಷಿಯನ್‌ನಷ್ಟು ಕಾಟ ಕೊಡುವುದಿಲ್ಲ.

ಕೂದಲು ಉದುರುವ ಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ನಿರ್ಧರಿಸುತ್ತದೆ. ರಾತ್ರಿಯಿಡೀ ದೀಪ ಉರಿಯುವ ಫ್ಲ್ಯಾಟಿನೊಳಗೇ ಬದುಕುವ ಬೆಕ್ಕಿಗೆ ಆ ಲೆಕ್ಕ ತಪ್ಪಿ ವರ್ಷವಿಡೀ ಅಷ್ಟಷ್ಟು ಉದುರುತ್ತಲೇ ಇರುತ್ತದೆ.

ಬಾಚುವುದು

ಆರೈಕೆಯ ಮುಕ್ಕಾಲು ಪಾಲು ಬಾಚುವುದೇ. ಅದಕ್ಕೆ ಬೇಕಾದ ಮುಖ್ಯ ಸಾಧನ ಒಂದು ಸ್ಟೀಲ್ ಬಾಚಣಿಗೆ. ಅರ್ಧಕ್ಕೆ ಹಲ್ಲು ವಿರಳ, ಇನ್ನರ್ಧಕ್ಕೆ ಒತ್ತಾಗಿ ಇರುವಂಥದ್ದು ಒಳ್ಳೆಯದು. ಹಲ್ಲಿನ ತುದಿ ಮೊಂಡಾಗಿರಬೇಕು, ಉದ್ದ ತುಪ್ಪಳದ ಆಳಕ್ಕಿಂತ ಹೆಚ್ಚಿರಬೇಕು. ಪ್ಲಾಸ್ಟಿಕ್ ಬಾಚಣಿಗೆ ಒಣಹವೆಯಲ್ಲಿ ಸ್ಥಿರವಿದ್ಯುತ್ತು ಹುಟ್ಟಿಸಿ ಕೂದಲನ್ನು ನಿಮಿರಿಸುತ್ತದೆ, ಬೆಕ್ಕಿಗೆ ಚುರುಕ್ ಎನಿಸಿ ಮರುದಿನ ಅದು ಹತ್ತಿರ ಬರುವುದಿಲ್ಲ. ಬಾಗಿದ ಸಣ್ಣ ತಂತಿಗಳ ಸ್ಲಿಕ್ಕರ್ ಬ್ರಷ್ ಕೊನೆಯ ಸುತ್ತಿಗೆ ಚೆನ್ನ. ಅದನ್ನು ಅದುಮಿ ಎಳೆದರೆ ಚರ್ಮ ಗೀಚಿ ಕೆಂಪಾಗುತ್ತದೆ. ಉದುರುಗೂದಲು ತೆಗೆಯುವ ಬ್ಲೇಡಿನಂಥ ಸಾಧನಗಳು ಈಗ ಬಹಳ ಮಾರಾಟವಾಗುತ್ತಿವೆ. ಒಂದೇ ಎಳೆತಕ್ಕೆ ರಾಶಿ ಕೂದಲು ಬರುವುದನ್ನು ನೋಡಿ ಮನಸ್ಸಿಗೆ ಖುಷಿಯಾಗುತ್ತದೆ, ಆದರೆ ಆ ರಾಶಿಯಲ್ಲಿ ತುಂಡಾದ ಜೀವಂತ ಕೂದಲೂ ಸೇರಿರಬಹುದು. ದಿನಬಳಕೆಗೆ ಅವು ಬೇಡ.

ಬೆನ್ನ ಮೇಲೆ ಬ್ರಷ್ ಆಡಿಸಿ ಮುಗಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಮೇಲ್ಗೂದಲು ಫಳಫಳ ಹೊಳೆಯುತ್ತದೆ, ಬುಡದಲ್ಲಿ ಗಂಟು ಬೆಳೆಯುತ್ತಿರುತ್ತದೆ. ಬಾಚಣಿಗೆ ಚರ್ಮದಿಂದ ಹೊರಟು ಕೂದಲಿನ ತುದಿಯವರೆಗೆ ತಡೆಯಿಲ್ಲದೆ ಸಾಗಿದರೆ ಮಾತ್ರ ಆ ಜಾಗ ಮುಗಿಯಿತೆಂದು ಲೆಕ್ಕ. ಎಡಗೈಯಿಂದ ಕೂದಲನ್ನು ಮೇಲೆತ್ತಿ ಹಿಡಿದು, ಬೈತಲೆ ತೆಗೆದಂತೆ ಚರ್ಮ ಕಾಣುವ ಗೆರೆ ಮಾಡಿಕೊಂಡು, ಗೆರೆಯ ಕೆಳಗಿನ ಪದರವನ್ನಷ್ಟೇ ಬಾಚಬೇಕು. ನಂತರ ಸ್ವಲ್ಪ ಮೇಲಕ್ಕೆ ಇನ್ನೊಂದು ಗೆರೆ. ಮೊದಲ ಸುತ್ತು ವಿರಳ ಹಲ್ಲಿನಿಂದ, ಎರಡನೆಯದು ಒತ್ತು ಹಲ್ಲಿನಿಂದ. ಪರ್ಷಿಯನ್‌ಗೆ ಇದು ದಿನವೂ ಬೇಕು, ಹತ್ತು ಹದಿನೈದು ನಿಮಿಷ ಸಾಕು. ರೇಷ್ಮೆಗೂದಲಿನ ತಳಿಗಳಿಗೆ ವಾರಕ್ಕೆ ಎರಡು ಮೂರು ಸಲ ಸಾಲುತ್ತದೆ. ಭಾನುವಾರ ಒಂದು ಗಂಟೆ ಕೂತು ವಾರದ ಬಾಕಿ ತೀರಿಸುತ್ತೇನೆಂದರೆ ಬೆಕ್ಕು ಒಪ್ಪುವುದಿಲ್ಲ, ಸಿಕ್ಕೂ ಕಾಯುವುದಿಲ್ಲ.

ಎಲ್ಲಿಂದ ಶುರುಮಾಡಬೇಕೆಂಬುದಕ್ಕೂ ಆಧಾರವಿದೆ. ಬೆಕ್ಕುಗಳು ಕೆನ್ನೆ, ಕಿವಿ–ಕಣ್ಣುಗಳ ನಡುವಿನ ಭಾಗವನ್ನು ಮುಟ್ಟಿಸಿಕೊಳ್ಳಲು ಇಷ್ಟಪಡುತ್ತವೆ, ಬಾಲದ ಬುಡ ಮುಟ್ಟಿದರೆ ಸಿಡುಕುತ್ತವೆ ಎಂದು 2002ರ ಮತ್ತು 2015ರ ಅಧ್ಯಯನಗಳು ಕಂಡುಕೊಂಡಿವೆ. ಆದ್ದರಿಂದ ಕೆನ್ನೆ, ಗದ್ದದಿಂದ ಹೊರಟು ಕತ್ತು, ಬೆನ್ನು, ಪಕ್ಕೆ ಮುಗಿಸಿ, ಕಂಕುಳು ಹೊಟ್ಟೆಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಜಾಣತನ. ಬಾಲದ ಕೂದಲು ಒಮ್ಮೆ ಕಿತ್ತುಬಂದರೆ ಮತ್ತೆ ತುಂಬಿಕೊಳ್ಳಲು ಬಹುಕಾಲ ಹಿಡಿಯುತ್ತದೆ. ಅಲ್ಲಿ ಬೆರಳಾಡಿಸಿ ಬಿಡಿಸಿ, ಬಾಚಣಿಗೆ ಹಗುರವಾಗಿ ಎಳೆದರೆ ಸಾಕು. ಬೆಕ್ಕು ಬಾಲ ಬಡಿಯುವುದು, ಕಿವಿ ಹಿಂದಕ್ಕೆ ತಿರುಗಿಸುವುದು, ಬೆನ್ನಿನ ಚರ್ಮ ಅಲೆಯಂತೆ ಅದುರಿಸುವುದು ಸಾಕು ಎಂಬುದರ ಸೂಚನೆ. ಆಗ ನಿಲ್ಲಿಸಿ, ಒಂದು ತುಣುಕು ತಿನಿಸು ಕೊಟ್ಟು, ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಕತ್ತಿನ ಹಿಂಬದಿಯ ಚರ್ಮ ಹಿಡಿದೆತ್ತಿ ಸುಮ್ಮನಾಗಿಸುವ ಹಳೆಯ ರೂಢಿ ಬೇಡವೆಂದು ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೆಕ್ಕುವೈದ್ಯ ಸಂಘಟನೆಗಳ 2022ರ ಮಾರ್ಗಸೂಚಿ ಹೇಳುತ್ತದೆ. ತಾಯಿ ಮರಿಯನ್ನು ಹಾಗೆ ಹಿಡಿಯುವುದು ಬೇರೆ ಸಂಗತಿ. ಬೆಳೆದ ಬೆಕ್ಕಿಗೆ ಅದು ಭಯ, ಕೆಲವೊಮ್ಮೆ ನೋವು.

ಬೆಕ್ಕಿನ ಮರಿ ಜನರ ಕೈಗೆ ಹೊಂದಿಕೊಳ್ಳುವ ಮುಖ್ಯ ಅವಧಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ. ಎಂಟು ವಾರ ತುಂಬದ ಮರಿಯನ್ನು ಅಂಗಡಿಯಲ್ಲಿ ಮಾರಬಾರದೆಂದು ಭಾರತದ 2018ರ ಪೆಟ್ ಶಾಪ್ ನಿಯಮಗಳು ಹೇಳುತ್ತವೆ. ಅಂದರೆ ಮರಿ ಮನೆಗೆ ಬರುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಹಾಗೆಂದು ಕೈಬಿಡಬೇಕಿಲ್ಲ. ಬಾಚಲು ಸಿಕ್ಕೇ ಇಲ್ಲದ ದಿನಗಳಲ್ಲೂ ಒಂದೆರಡು ನಿಮಿಷ ಬಾಚಣಿಗೆ ತಾಗಿಸುತ್ತಿದ್ದರೆ, ಆರು ತಿಂಗಳಲ್ಲಿ ದೊಡ್ಡ ತುಪ್ಪಳ ಬರುವಾಗ ಬೆಕ್ಕಿಗೆ ಅದು ಪರಿಚಿತ ವಸ್ತುವಾಗಿರುತ್ತದೆ.

ಸಿಕ್ಕು ಬಿಡಿಸುವುದು

ಕಡಲೆಕಾಳಿನಷ್ಟು ಸಣ್ಣ ಗಂಟಾದರೆ ಬೆರಳಿನಿಂದಲೇ ಬಿಡಿಸಬಹುದು. ಅದರ ಮೇಲೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಗಂಟನ್ನು ಎರಡು ಮೂರು ಎಳೆಯಾಗಿ ಸೀಳಿ, ಬುಡವನ್ನು ಎಡಗೈಯಲ್ಲಿ ಅದುಮಿ ಹಿಡಿದು, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚುತ್ತ ಬರಬೇಕು. ಬುಡ ಹಿಡಿಯದೆ ಎಳೆದರೆ ಚರ್ಮವೇ ಎಳೆದುಬರುತ್ತದೆ. ಮಕ್ಕಳ ಪೌಡರ್ ಬಳಸುವವರಿದ್ದಾರೆ. ಟಾಲ್ಕ್ ಬೆರೆತ ಪುಡಿ ಉಸಿರಿನ ಜೊತೆ ಒಳಹೋಗಬಾರದು, ನೆಕ್ಕಿದಾಗ ಹೊಟ್ಟೆಗೂ ಹೋಗಬಾರದು.

ಕತ್ತರಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಬೆಕ್ಕಿನ ಚರ್ಮ ತೆಳು, ಸಡಿಲ. ಗಂಟನ್ನು ಎತ್ತಿ ಹಿಡಿದಾಗ ಅದರೊಳಕ್ಕೆ ಚರ್ಮವೂ ಡೇರೆಯ ಮೊನೆಯಂತೆ ಎದ್ದುಬಂದಿರುತ್ತದೆ, ತುಪ್ಪಳದ ನಡುವೆ ಅದು ಕಣ್ಣಿಗೆ ಬೀಳುವುದಿಲ್ಲ. ಕೂದಲೆಂದುಕೊಂಡು ಕತ್ತರಿಸಿದರೆ ಹೊಲಿಗೆ ಹಾಕಿಸಬೇಕಾದ ಗಾಯ. ಇಂಥ ಗಾಯಗಳು ಪಶುವೈದ್ಯರಿಗೆ ತೀರ ಪರಿಚಿತ. ಬಿಡಿಸಲಾಗದ ಗಂಟನ್ನು ಚರ್ಮಕ್ಕೂ ಗಂಟಿಗೂ ನಡುವೆ ಬಾಚಣಿಗೆ ತೂರಿಸಿಟ್ಟು, ಬಾಚಣಿಗೆಯ ಮೇಲ್ಗಡೆಯಲ್ಲಿ ಸಣ್ಣ ಕ್ಲಿಪ್ಪರ್ ಓಡಿಸಿ ತೆಗೆಯಬೇಕು. ಬಾಚಣಿಗೆಯೇ ತೂರದಷ್ಟು ಬಿಗಿಯಾಗಿದ್ದರೆ ಅದು ಮನೆಯ ಕೆಲಸವಲ್ಲ.

ಗಂಟುಗಳು ಒಂದಕ್ಕೊಂದು ಕೂಡಿ ಹಾಳೆಯಾದ ಸ್ಥಿತಿಯಲ್ಲಿ ಬೆಕ್ಕು ಹೆಜ್ಜೆ ಇಟ್ಟಾಗಲೆಲ್ಲ ಚರ್ಮ ಜಗ್ಗುತ್ತದೆ. ಅಡಿಯಲ್ಲಿ ಗಾಳಿಯಾಡದೆ ತೇವ ನಿಂತು ಹುಣ್ಣಾಗುತ್ತದೆ. ಮಲ ಅಂಟಿದ ಜಾಗದಲ್ಲಿ ನೊಣ ಮೊಟ್ಟೆಯಿಟ್ಟು ಹುಳು ಬೀಳುವುದೂ ಉಂಟು. ಬೆಕ್ಕು ಸಿಡುಕು ಸ್ವಭಾವದ್ದೆಂದು ಮನೆಯವರು ದೂರುತ್ತಿರುತ್ತಾರೆ, ಅದು ಅನುಭವಿಸುತ್ತಿರುವುದು ನೋವು. ಅಂಥ ತುಪ್ಪಳವನ್ನು ಪಶುವೈದ್ಯರು ಬೆಕ್ಕಿಗೆ ಮತ್ತು ಬರಿಸಿ ಬೋಳಿಸುವುದೇ ದಯೆ.

ಬೇಸಗೆಯ ನೆಪದಲ್ಲಿ ತಲೆ, ಪಾದ, ಬಾಲದ ತುದಿ ಬಿಟ್ಟು ಉಳಿದದ್ದೆಲ್ಲ ಬೋಳಿಸುವ ‘ಲಯನ್ ಕಟ್’ ಈಚೆಗೆ ಫ್ಯಾಷನ್ ಆಗಿದೆ. ದಿನವೂ ಬಾಚಿಸಿಕೊಳ್ಳುವ ಬೆಕ್ಕಿಗೆ ಬೆಂಗಳೂರು, ಮೈಸೂರಿನ ಬೇಸಗೆಯಲ್ಲಿ ಇದರ ಅಗತ್ಯ ಕಾಣುವುದಿಲ್ಲ. ನೆರಳು, ತಣ್ಣನೆಯ ನೆಲ, ನೀರು ಇದ್ದರೆ ಆಯಿತು. ಕೂದಲು ಪೂರ್ತಿ ಮರಳಿ ಬರಲು ಹಲವು ತಿಂಗಳು ಬೇಕು. ಹಿಮಾಲಯನ್ ಬೆಕ್ಕಿನ ವಿಷಯದಲ್ಲಿ ಒಂದು ವಿಚಿತ್ರವೂ ಇದೆ. ಸಯಾಮಿ ಮತ್ತು ಪರ್ಷಿಯನ್ ಬೆರಕೆಯಿಂದ ಬಂದ ಈ ತಳಿಯಲ್ಲಿ ಬಣ್ಣ ತಯಾರಿಸುವ ಕಿಣ್ವ ತಂಪಾದ ಚರ್ಮದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕಿವಿ, ಮೂತಿ, ಪಾದ, ಬಾಲ ಕಪ್ಪಗಿದ್ದು ಮೈ ತಿಳಿಬಣ್ಣವಾಗಿರುವುದು ಇದರಿಂದ. ಬೋಳಿಸಿದಾಗ ಮೈ ತಂಪಾಗಿ, ಹೊಸ ಕೂದಲು ಕಪ್ಪಾಗಿ ಹುಟ್ಟಬಹುದು. ಮುಂದಿನ ಸರದಿಯ ಕೂದಲು ಬರುವವರೆಗೆ ಆ ಮಚ್ಚೆ ಉಳಿಯುತ್ತದೆ.

ಸ್ನಾನ

ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡಿಸಿಕೊಂಡು ಬೆಳೆದವರ ನಾಡಿನಲ್ಲಿ ಆರೈಕೆ ಎಂದ ಕೂಡಲೆ ಸ್ನಾನ ನೆನಪಾಗುವುದು ಸಹಜ. ಉದ್ದಗೂದಲಿನ ಬೆಕ್ಕಿನ ಮಟ್ಟಿಗೆ ಸ್ನಾನ ಎರಡನೆಯ ಮಾತು. ಬಾಚದೆ ಮೀಯಿಸಿದರೆ ಇದ್ದ ಗಂಟು ನೀರು ಕುಡಿದು ಬಿಗಿಯಾಗುತ್ತದೆ. ಒಣಗಿದ ಮೇಲೆ ಅದನ್ನು ಬಿಡಿಸುವುದು ಯಾರಿಂದಲೂ ಆಗದು. ಮನೆಯೊಳಗಿನ ಪರ್ಷಿಯನ್‌ಗೆ ತಿಂಗಳು ಒಂದೂವರೆ ತಿಂಗಳಿಗೊಮ್ಮೆ, ಜಿಡ್ಡು ಕಾಣಿಸಿದಾಗ, ಮೀಯಿಸಿದರೆ ಸಾಕು. ಒಳಗೂದಲು ಕಡಿಮೆಯಿರುವ ತಳಿಗಳಿಗೆ ವರ್ಷಕ್ಕೆ ಒಂದೆರಡು ಸಲವೂ ಬೇಕಾಗದೆ ಹೋಗಬಹುದು.

ಬೆಕ್ಕಿನ ಮೈಯ ಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನೀರು ಅದಕ್ಕೆ ಹತ್ತಿರವಿರಬೇಕು, ನಮ್ಮ ಬಚ್ಚಲ ಹಂಡೆಯ ಬಿಸಿ ಬೆಕ್ಕನ್ನು ಸುಡುತ್ತದೆ. ಕಾಲು ಜಾರದಂತೆ ಟಬ್ಬಿನಲ್ಲಿ ರಬ್ಬರ್ ಚಾಪೆ ಹಾಸಿ, ತಲೆಗೆ ನೀರು ಸುರಿಯದೆ, ಕತ್ತಿನಿಂದ ಕೆಳಕ್ಕೆ ಸಣ್ಣ ಧಾರೆಯಲ್ಲಿ ನೆನೆಸಬೇಕು. ಮುಖಕ್ಕೆ ಒದ್ದೆ ಬಟ್ಟೆ ಸಾಕು. ಶಾಂಪೂ ಬೆಕ್ಕಿಗೆಂದೇ ತಯಾರಾದದ್ದು ಬೇಕು, ಏಕೆಂದರೆ ಅದರ ಚರ್ಮ ಮನುಷ್ಯರ ಚರ್ಮದಷ್ಟು ಆಮ್ಲೀಯವಲ್ಲ. ಸೀಗೆಕಾಯಿ, ಅಂಟುವಾಳ ಕಣ್ಣಿಗೆ ಉರಿ. ಶಾಂಪೂ ಲವಲೇಶ ಉಳಿದರೂ ಬೆಕ್ಕು ಅದನ್ನು ನೆಕ್ಕಿಯೇ ನೆಕ್ಕುತ್ತದೆ, ಆದ್ದರಿಂದ ತೊಳೆಯುವ ಹೊತ್ತು ಹಚ್ಚುವ ಹೊತ್ತಿಗಿಂತ ಹೆಚ್ಚಿರಬೇಕು. ಟವೆಲಿನಿಂದ ಉಜ್ಜದೆ ಒತ್ತಿ ಒತ್ತಿ ನೀರು ಹೀರಿಸಿ, ಕಡಿಮೆ ಶಾಖದ ಹೇರ್‌ಡ್ರೈಯರ್ ಹಿಡಿದು, ಬಾಚುತ್ತಲೇ ಬುಡದವರೆಗೆ ಒಣಗಿಸಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ದಟ್ಟ ತುಪ್ಪಳ ತಾನಾಗಿ ಒಣಗಲಿ ಎಂದು ಬಿಟ್ಟರೆ ಬುಡ ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಅಂಥ ದಿನಗಳಲ್ಲಿ ಸ್ನಾನ ಮುಂದೂಡಿ, ಕೊಳೆಯಾದ ಭಾಗವನ್ನಷ್ಟೇ ತೊಳೆಯುವುದು ಲೇಸು.

ಅಲರ್ಜಿ ಇರುವವರಿಗಾಗಿ ಬೆಕ್ಕನ್ನು ಮತ್ತೆ ಮತ್ತೆ ಮೀಯಿಸುವವರಿದ್ದಾರೆ. ಅಲರ್ಜಿ ಎಬ್ಬಿಸುವ ಪ್ರೋಟೀನು ಬೆಕ್ಕಿನ ಎಂಜಲು ಮತ್ತು ಚರ್ಮದ ಜಿಡ್ಡುಗ್ರಂಥಿಗಳಿಂದ ಬರುವಂಥದ್ದು; ತೊಳೆದ ಕೆಲವೇ ದಿನಗಳಲ್ಲಿ ಅದು ಮೊದಲಿನಷ್ಟೇ ಆಗುತ್ತದೆ.

ನೀರಿಗೆ ಒಂದಿಷ್ಟು ಡೆಟಾಲ್ ಬೆರೆಸುವ ಅಭ್ಯಾಸ ಬೆಕ್ಕಿಗೆ ಅಪಾಯಕಾರಿ. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಕಿಣ್ವವೊಂದರ ಜೀನು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆ, ಮೈಗೆ ಹಚ್ಚಿದ್ದೆಲ್ಲ ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಫಿನಾಯಿಲ್, ಕರ್ಪೂರದ ಮುಲಾಮು, ಟೀ ಟ್ರೀ ಎಣ್ಣೆಗಳಿಗೂ ಇದೇ ಮಾತು. ಚಿಗಟಕ್ಕೆಂದು ಬೇವಿನೆಣ್ಣೆ ಬಳಿಯುವುದೂ ಬೇಡ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಹನಿಮದ್ದನ್ನು ಬೆಕ್ಕಿನ ಕತ್ತಿಗೆ ಹಾಕಿದರೆ ನಡುಕ, ಸೆಳವು ಬಂದು ಸಾಯಲೂಬಹುದು.

ಕಣ್ಣು, ಕಿವಿ, ಉಗುರು

ಚಪ್ಪಟೆ ಮುಖದ ಪರ್ಷಿಯನ್‌ನಲ್ಲಿ ಕಣ್ಣಿನಿಂದ ಮೂಗಿಗೆ ಇಳಿಯುವ ನಾಳ ಸೊಟ್ಟಗಾಗಿರುವುದರಿಂದ ಕಣ್ಣೀರು ಹೊರಗೆ ಹರಿದು ಮೂಗಿನ ಪಕ್ಕ ಕಂದು ಕಲೆ ಕಟ್ಟುತ್ತದೆ. ದಿನವೂ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮುಖದ ಮಡಿಕೆಯನ್ನು ಒಣಗಿಸಬೇಕು. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ. ಹಳದಿ ಹಸಿರು ಪಿಸುರು ಬಂದರೆ, ಬೆಕ್ಕು ಕಣ್ಣು ಕಿರಿದು ಮಾಡಿದರೆ ವೈದ್ಯರಿಗೆ ತೋರಿಸಬೇಕು. ಕಿವಿಯೊಳಗೆ ಬಡ್ಸ್ ಹಾಕಬಾರದು. ಕಾಫಿಪುಡಿಯಂಥ ಕಪ್ಪು ಹೊಟ್ಟು ಕಂಡರೆ ಕಿವಿನುಸಿಯಿರಬಹುದು. ಉಗುರನ್ನು ಎರಡು ಮೂರು ವಾರಕ್ಕೊಮ್ಮೆ, ಒಳಗಿನ ಗುಲಾಬಿ ಭಾಗ ತಾಗದಂತೆ ಚೂಪುತುದಿಯಷ್ಟೇ ತೆಗೆದರೆ ಬಾಚುವವರ ಕೈಗೂ ಕ್ಷೇಮ.

ಬಾಚುವಾಗ ಕಾಣುವ ರೋಗಗಳು

ಕೂದಲು ಉದುರಿದ, ಹೊಟ್ಟೆದ್ದ ದುಂಡು ಜಾಗ ಕಂಡರೆ ಹುಳುಕಡ್ಡಿಯ ಸಂಶಯಪಡಬೇಕು. ಬೆಕ್ಕಿನಲ್ಲಿ ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ಪರ್ಷಿಯನ್‌ಗೆ ಇದು ಬೇಗ ಹತ್ತುತ್ತದೆ, ಕೆಲವು ಬೆಕ್ಕುಗಳು ಮೇಲ್ನೋಟಕ್ಕೆ ಏನೂ ತೋರದೆ ಹೊತ್ತು ತಿರುಗುತ್ತವೆ, ಮನೆಯ ಮಕ್ಕಳಿಗೂ ಅಂಟುತ್ತದೆ. ಸೋಂಕು ಹೊತ್ತ ಕೂದಲು ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಔಷಧಿಯ ಜೊತೆ ಹಾಸಿಗೆ, ಬಾಚಣಿಗೆ, ಸೋಫಾ ಎಲ್ಲವನ್ನೂ ಸ್ವಚ್ಛಗೊಳಿಸಬೇಕಾಗುತ್ತದೆ. ಒಂದಕ್ಕಿಂತ ಹೆಚ್ಚು ಬೆಕ್ಕುಗಳಿರುವ ಮನೆಯಲ್ಲಿ ಒಂದೊಂದಕ್ಕೂ ಬೇರೆ ಬಾಚಣಿಗೆ ಇಡುವುದಕ್ಕೆ ಇಷ್ಟು ಕಾರಣ ಸಾಕು. ಒತ್ತು ಹಲ್ಲಿನಲ್ಲಿ ಬಂದ ಕರಿಕಣಗಳನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿದಾಗ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ.

ನೆಕ್ಕಿ ನುಂಗಿದ ಕೂದಲು ಬಹುಪಾಲು ಮಲದಲ್ಲಿ ಹೋಗುತ್ತದೆ. ಹೊಟ್ಟೆಯಲ್ಲಿ ಉಳಿದದ್ದು ಉಂಡೆಯಾಗಿ ವಾಂತಿಯಲ್ಲಿ ಬರುತ್ತದೆ. ಉಂಡೆ ಎಂದರೂ ಅನ್ನನಾಳದಲ್ಲಿ ಹಿಂಡಿ ಬರುವುದರಿಂದ ಅದರ ಆಕಾರ ಬೆರಳಿನದು. ಅಪರೂಪಕ್ಕೆ ಬಂದರೆ ಗಾಬರಿ ಬೇಡ. ಏನೂ ಹೊರಬಾರದೆ ಮತ್ತೆ ಮತ್ತೆ ಓಕರಿಸುವುದು, ಊಟ ಬಿಡುವುದು, ಮಂಕಾಗುವುದು ಕರುಳು ಕಟ್ಟಿರುವ ಲಕ್ಷಣವಿರಬಹುದು. ಜಾರಲಿ ಎಂದು ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ದಿನವೂ ಬಾಚಣಿಗೆಗೆ ಬಂದ ಕೂದಲು ಹೊಟ್ಟೆಗೆ ಹೋಗುವುದಿಲ್ಲ, ಇದಕ್ಕಿಂತ ಒಳ್ಳೆಯ ತಡೆ ಬೇರೊಂದಿಲ್ಲ.

ಸದಾ ತನ್ನನ್ನು ನೆಕ್ಕಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರೆ, ಬೆನ್ನಿನ ಹಿಂಭಾಗದಲ್ಲಿ ಹೊಟ್ಟು, ಗಂಟು ಕಾಣಿಸತೊಡಗಿದರೆ ಸೋಮಾರಿಯಾಯಿತು ಎನ್ನಬಾರದು. ಬೊಜ್ಜು ಬಂದ ಬೆಕ್ಕಿಗೆ ಸೊಂಟದವರೆಗೆ ತಿರುಗಲಾಗುವುದಿಲ್ಲ. ಹತ್ತು ಹನ್ನೆರಡು ವರ್ಷ ದಾಟಿದ ಬೆಕ್ಕಿಗೆ ಕೀಲುನೋವು ಬಹಳ ಸಾಮಾನ್ಯ, ಅದು ಕುಂಟಿ ತೋರಿಸುವುದು ಕಡಿಮೆ. ಹಲ್ಲುನೋವು, ಮೂತ್ರಪಿಂಡದ ರೋಗ, ಥೈರಾಯ್ಡ್ ಏರುಪೇರುಗಳಲ್ಲೂ ತುಪ್ಪಳ ಮೊದಲು ಕಳೆಗುಂದುತ್ತದೆ. ಅಂಥ ಬೆಕ್ಕನ್ನು ವೈದ್ಯರಿಗೆ ತೋರಿಸಿ, ಮನೆಯಲ್ಲಿ ಮೆತ್ತನೆಯ ಹಾಸಿನ ಮೇಲೆ ಮಲಗಿದ್ದಂತೆಯೇ, ಮಗ್ಗುಲು ಹೊರಳಿಸದೆ, ಆ ಹೊತ್ತಿಗೆ ಮೇಲಿರುವ ಬದಿಯನ್ನಷ್ಟೇ ಬಾಚಿ ಇನ್ನೊಂದನ್ನು ಅದು ತಾನಾಗಿ ಹೊರಳಿದ ಮೇಲೆ ಬಾಚಬೇಕು.